ಹುಣಸೆ ಬೀಜದಿಂದ ಕಣ್ಣಿನ ಡ್ರಾಪ್ಸ್: ಹೊಲದ ಕಸ ವೈದ್ಯಕೀಯ ಸಾಮಗ್ರಿಯಾಗುವುದು ಹೇಗೆ?

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುತ್ತಿದ್ದಂತೆ ತುಮಕೂರು ಜಿಲ್ಲೆಯ ಊರುಗಳಲ್ಲಿ ಹುಣಸೆ ಕೆಲಸ ಜೋರಾಗುತ್ತದೆ. ಮರ ಗುತ್ತಿಗೆ ಹಿಡಿದವರು ಹಣ್ಣು ಬಡಿದು ತಂದು ಮನೆ ಮುಂದೆ ರಾಶಿ ಹಾಕುತ್ತಾರೆ. ಹೆಂಗಸರು ಸಾಲಾಗಿ ಕೂತು ಓಡು ಬಿಡಿಸಿ, ನಾರು ಎಳೆದು, ಹಣ್ಣನ್ನು ಕಲ್ಲಿನ ಮೇಲಿಟ್ಟು ಜಜ್ಜಿ ಬೀಜ ಬೇರೆ ಮಾಡುತ್ತಾರೆ. ಹಣ್ಣು ಎಪಿಎಂಸಿಗೆ ಹೋಗುತ್ತದೆ, ಬೀಜ ಅಂಗಳದ ಮೂಲೆಯಲ್ಲಿ ಉಳಿಯುತ್ತದೆ. ಬೀಜದ ವ್ಯಾಪಾರಿ ಬಂದರೆ ಚೀಲಕ್ಕೆ ತುಂಬಿ ಕೊಡುತ್ತಾರೆ, ಬಾರದಿದ್ದರೆ ಅದು ಒಲೆಗೋ ತಿಪ್ಪೆಗೋ ಸೇರುತ್ತದೆ. ಹುಣಸೆ ಹಣ್ಣಿನ ಒಟ್ಟು ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಈ ಬೀಜದ್ದು. ಅಷ್ಟು ದೊಡ್ಡ ಪಾಲಿಗೆ ಮನೆಯಲ್ಲಿ ಅಂಥ ಬೆಲೆಯೇನೂ ಇಲ್ಲ.

ಇದೇ ಬೀಜದ ಒಳಗಿನ ಒಂದು ಪದಾರ್ಥವನ್ನು ಶುದ್ಧ ಮಾಡಿ ಯುರೋಪಿನಲ್ಲಿ ಕಣ್ಣಿನ ಡ್ರಾಪ್ಸ್‌ಗೆ ಹಾಕುತ್ತಾರೆ. ಕಣ್ಣು ಒಣಗಿ ಉರಿಯುವವರು ಅದನ್ನು ಬಿಟ್ಟುಕೊಳ್ಳುತ್ತಾರೆ. ಕರುಳಿನ ಒಳಪದರದ ಮೇಲೆ ತೆಳುವಾಗಿ ಹರಡಿ ಭೇದಿಗೆ ತಡೆಯೊಡ್ಡುವ ಉತ್ಪನ್ನವಾಗಿಯೂ ಅದು ಅಲ್ಲಿ ಮಾರಾಟದಲ್ಲಿದೆ. ಅಂಗಳದ ಮೂಲೆಯ ಬೀಜಕ್ಕೂ ಆ ಸೀಸೆಗೂ ನಡುವೆ ಏನೇನು ನಡೆಯುತ್ತದೆ, ಎಲ್ಲಿ ಸುಲಭ, ಎಲ್ಲಿ ಕಷ್ಟ ಎಂಬುದು ನಮ್ಮ ಸೀಮೆಯ ರೈತರಿಗೂ ಕಾಲೇಜು ಮಕ್ಕಳಿಗೂ ಚೆನ್ನಾಗಿ ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಕೃಷಿ ಕಸದ ಮಾತು ಬಂದರೆ ನಮ್ಮ ಕಡೆ ಎಲ್ಲರಿಗೂ ಮೊದಲು ನೆನಪಾಗುವುದು ಕೋಲಾರದ ಟೊಮೆಟೊ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಅಲ್ಲಿಯದೂ ಒಂದು. ಬೆಲೆ ಬಿದ್ದಾಗ ಬಾಕ್ಸ್‌ಗಟ್ಟಲೆ ಹಣ್ಣು ರಸ್ತೆ ಬದಿಗೆ ಸುರಿಯುವುದನ್ನು ನೋಡಿದವರ ಹೊಟ್ಟೆ ಉರಿಯುತ್ತದೆ. ಅದರಿಂದ ಔಷಧಿ ಮಾಡಬಾರದೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಟೊಮೆಟೊದಲ್ಲಿ ಶೇ 94–95ರಷ್ಟು ಬರೀ ನೀರು. ಸಿಪ್ಪೆಯಲ್ಲಿರುವ ಲೈಕೋಪೀನ್ ಎಂಬ ಕೆಂಪು ಬಣ್ಣದ ಪದಾರ್ಥ ಬೆಲೆಬಾಳುವ ವಸ್ತು, ನಿಜ. ಅದನ್ನು ತೆಗೆಯಬೇಕೆಂದರೆ ಸುರಿದ ಹಣ್ಣು ಕೊಳೆಯುವ ಮೊದಲೇ ಲಾರಿಗಟ್ಟಲೆ ನೀರನ್ನು ಸಾಗಿಸಬೇಕು, ಇಂಗಿಸಬೇಕು. ಜೊತೆಗೆ ಬೆಳೆಗೆ ಹೊಡೆದ ಕೀಟನಾಶಕದ ಶೇಷವೂ ಸಿಪ್ಪೆಯಲ್ಲೇ ಇರುತ್ತದೆ. ಇಂಥ ಕಸಕ್ಕೆ ಬಯೋಗ್ಯಾಸ್ ಮತ್ತು ಗೊಬ್ಬರವೇ ಸರಿಯಾದ ದಾರಿ ಎಂದು ನನಗೆ ಅನ್ನಿಸುತ್ತದೆ.

ಔಷಧಿ ಸಾಮಗ್ರಿಗೆ ಒದಗುವ ಕಸದ ಲಕ್ಷಣವೇ ಬೇರೆ. ಬೇಕಾದ ಒಂದೇ ಪದಾರ್ಥ ಅದರಲ್ಲಿ ದಟ್ಟವಾಗಿರಬೇಕು. ತಿಂಗಳುಗಟ್ಟಲೆ ಇಟ್ಟರೂ ಕೆಡಬಾರದು. ದೇಹ ಅದನ್ನು ಶತ್ರು ಎಂದು ಬಗೆಯಬಾರದು. ಈ ವರ್ಷದ ಮಾಲಿಗೂ ಮುಂದಿನ ವರ್ಷದ ಮಾಲಿಗೂ ದೊಡ್ಡ ವ್ಯತ್ಯಾಸ ಇರಬಾರದು. ಹುಣಸೆ ಬೀಜ ಇವುಗಳಲ್ಲಿ ಬಹುಪಾಲಿಗೆ ಹುಟ್ಟಿನಿಂದಲೇ ಒಪ್ಪುತ್ತದೆ. ಮೇಲಾಗಿ ಈ ಮರ ಬದುವಿನಲ್ಲಿ, ರಸ್ತೆ ಬದಿಯಲ್ಲಿ, ಕೆರೆ ಏರಿಯ ಕೆಳಗೆ ತಾನೇ ಬೆಳೆದುಕೊಳ್ಳುತ್ತದೆ. ಯಾರೂ ಅದಕ್ಕೆ ಬೋರ್‌ವೆಲ್ ನೀರು ಹಾಯಿಸುವುದಿಲ್ಲ. ಸಾವಿರ ಅಡಿ ಕೊರೆದರೂ ನೀರು ಕಾಣದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಈಗ ಬೀಜವನ್ನೇ ಒಡೆದು ನೋಡೋಣ. ಹೊರಗಿನ ಕಂದು ಸಿಪ್ಪೆ ಬೀಜದ ಕಾಲು ಭಾಗದಷ್ಟು ತೂಗುತ್ತದೆ. ಅದರ ತುಂಬ ಟ್ಯಾನಿನ್, ಬಾಯಿಗೆ ಹಾಕಿದರೆ ಒಗರು. ಉಳಿದದ್ದು ಒಳಗಿನ ಬಿಳಿ ಬೇಳೆ. ಚೌಕಾಬಾರ ಆಡಲು ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡುತ್ತಿದ್ದೆವಲ್ಲ, ಆಗ ಕಾಣುತ್ತಿದ್ದುದು ಈ ಬೇಳೆಯೇ. ಬೇಳೆಯಲ್ಲಿ ಒಂದಿಷ್ಟು ಪ್ರೋಟೀನ್, ಸ್ವಲ್ಪ ಎಣ್ಣೆ ಇದೆ. ಅರ್ಧಕ್ಕಿಂತ ಹೆಚ್ಚು ಪಾಲು ಕ್ಸೈಲೋಗ್ಲೂಕಾನ್ ಎಂಬ ಪದಾರ್ಥ. ಸಸಿ ಮೊಳೆತು ಎಲೆ ಬಿಡುವ ತನಕ ಬೇಕಾಗುವ ಬುತ್ತಿಯನ್ನು ತಾಯಿಮರ ಈ ರೂಪದಲ್ಲಿ ಕಟ್ಟಿಕೊಟ್ಟಿರುತ್ತದೆ.

ಕ್ಸೈಲೋಗ್ಲೂಕಾನ್ ಅಂದರೆ ಸಕ್ಕರೆಗಳು ಕೈಕೈ ಹಿಡಿದು ನಿಂತ ಉದ್ದನೆಯ ಸರಪಳಿ. ನಡುವಿನ ಸರಪಳಿ ಪೂರ್ತಿ ಗ್ಲೂಕೋಸ್. ಹತ್ತಿಯಲ್ಲಿರುವ ಸೆಲ್ಯುಲೋಸ್‌ನದ್ದೂ ಇದೇ ಸರಪಳಿ. ಆದರೆ ಹತ್ತಿ ನೀರಿನಲ್ಲಿ ಕರಗುವುದಿಲ್ಲ, ಇದು ಕರಗುತ್ತದೆ. ಕಾರಣ ಇದಕ್ಕಿರುವ ಕವಲುಗಳು. ಹುಣಸೆ ಎಲೆಯ ದಂಟಿನ ಇಕ್ಕೆಲದಲ್ಲಿ ಪುಟ್ಟ ಪುಟ್ಟ ಎಲೆ ಇರುವ ಹಾಗೆ, ಗ್ಲೂಕೋಸ್ ದಂಟಿನ ಉದ್ದಕ್ಕೂ ಕ್ಸೈಲೋಸ್ ಎಂಬ ಇನ್ನೊಂದು ಸಕ್ಕರೆ ಅಂಟಿಕೊಂಡಿರುತ್ತದೆ. ಕೆಲವು ಕ್ಸೈಲೋಸ್‌ಗಳ ತುದಿಗೆ ಗ್ಯಾಲಕ್ಟೋಸ್. ಈ ಕವಲುಗಳು ಅಡ್ಡ ಬರುವುದರಿಂದ ಸರಪಳಿಗಳು ಒಂದಕ್ಕೊಂದು ಒತ್ತಾಗಿ ಕಚ್ಚಿಕೊಳ್ಳಲಾರವು. ನಡುವೆ ನೀರು ನುಗ್ಗುತ್ತದೆ, ದ್ರಾವಣ ಮಂದವಾಗಿ ಜಾರುತ್ತದೆ.

ಇದನ್ನು ಯಾರು ಬೇಕಾದರೂ ಮನೆಯಲ್ಲೇ ನೋಡಬಹುದು. ಒಂದು ಹಿಡಿ ಬೀಜವನ್ನು ನೀರಿನಲ್ಲಿ ಒಂದೆರಡು ದಿನ ನೆನೆಸಿ, ಸಿಪ್ಪೆ ಮೆತ್ತಗಾದ ಮೇಲೆ ಸುಲಿದು ಬೇಳೆ ಒಣಗಿಸಿ. ಮಿಕ್ಸಿಯಲ್ಲಿ ಪುಡಿ ಮಾಡುವಾಗ ಸ್ವಲ್ಪ ಸ್ವಲ್ಪವೇ ಹಾಕಿ, ಗಟ್ಟಿ ಕಾಳು, ಬ್ಲೇಡ್ ಒದ್ದಾಡುತ್ತದೆ. ಒಂದು ಚಮಚ ಪುಡಿಯನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿಕೊಂಡು, ಕುದಿಯುವ ನೀರಿಗೆ ಸುರಿದು ತಿರುವುತ್ತಾ ಬೇಯಿಸಿ. ಇಪ್ಪತ್ತು ನಿಮಿಷದಲ್ಲಿ ನೀರು ಮಂದವಾಗುತ್ತದೆ. ರಾತ್ರಿಯಿಡೀ ಹಾಗೇ ಬಿಟ್ಟರೆ ನಾರು, ಪ್ರೋಟೀನ್ ಮತ್ತಿತರ ಗಷ್ಟು ತಳಕ್ಕೆ ಕೂರುತ್ತದೆ. ಮೇಲೆ ನಿಂತ ತಿಳಿಯನ್ನು ಬೆರಳಿನ ನಡುವೆ ಉಜ್ಜಿ ನೋಡಿ, ಲೋಳೆಯಾಗಿ ಜಾರುತ್ತದೆ. ಕಾಲೇಜಿನ ಲ್ಯಾಬ್ ಇದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಆ ತಿಳಿಗೆ ಅದರ ಎರಡರಷ್ಟು ಈಥೈಲ್ ಆಲ್ಕೋಹಾಲ್ ಸುರಿಯುತ್ತಿದ್ದಂತೆ, ಅಲ್ಲಿಯವರೆಗೆ ಕಣ್ಣಿಗೆ ಕಾಣದಿದ್ದ ಕ್ಸೈಲೋಗ್ಲೂಕಾನ್ ಬೆಳ್ಳಗೆ ಎಳೆ ಎಳೆಯಾಗಿ ಮೇಲೆದ್ದು ಮುದ್ದೆಗಟ್ಟುತ್ತದೆ. ಗಾಜಿನ ಕಡ್ಡಿಗೆ ಸುತ್ತಿ ಎತ್ತಬಹುದು. ಕಾರ್ಖಾನೆಯಲ್ಲಿ ಮಾಡುವುದರ ತಿರುಳೂ ಇದೇ. ಹಾಗಂತ ಮನೆಯಲ್ಲಿ ಮಾಡಿದ ತಿಳಿಯನ್ನು ಕಣ್ಣಿಗಾಗಲಿ ಗಾಯಕ್ಕಾಗಲಿ ಖಂಡಿತ ಹಾಕಬೇಡಿ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಈ ಅಂಟಿನ ಗುಣ ನಮ್ಮವರಿಗೆ ಹೊಸದಲ್ಲ. ಕಂಬಳಿ ನೇಯುವ ಕುರುಬರು ನೂಲು ಗಟ್ಟಿ ನಿಲ್ಲಲಿ ಎಂದು ಮಗ್ಗದ ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಬಳಿಯುವುದು ಎಷ್ಟೋ ತಲೆಮಾರಿನ ಪದ್ಧತಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬಟ್ಟೆ ಗಿರಣಿಗಳು ನೂಲಿಗೆ ಗಂಜಿ ಹಾಕಲು ಧಾನ್ಯದ ಹಿಟ್ಟಿಗೆ ಬದಲಿ ಹುಡುಕುತ್ತಿದ್ದವು. 1942ರ ಸುಮಾರಿಗೆ ಟಿ.ಪಿ. ಘೋಷ್ ಮತ್ತು ಎಸ್. ಕೃಷ್ಣ ಎಂಬ ವಿಜ್ಞಾನಿಗಳು ಹುಣಸೆ ಬೇಳೆಯಲ್ಲಿ ಅರ್ಧದಷ್ಟು ಅಂಟಿನ ಪದಾರ್ಥವೇ ಇದೆ ಎಂದು ತೋರಿಸಿದರು. ಅಲ್ಲಿಂದ ಹುಣಸೆ ಬೀಜದ ಪುಡಿ ಒಂದು ಉದ್ಯಮವಾಯಿತು. ಮುಂದೆ ಜಪಾನಿನವರು 1960ರ ದಶಕದಲ್ಲಿ ಇದನ್ನು ಶುದ್ಧ ಮಾಡಿ ಸಾಸ್, ಐಸ್‌ಕ್ರೀಮ್‌ಗಳನ್ನು ಮಂದ ಮಾಡಲು ಬಳಸತೊಡಗಿದರು. ಔಷಧಿಯ ಕಡೆ ತಿರುಗಿದ್ದು ಅದಾದ ಮೇಲೆ.

ಕಣ್ಣಿಗೇ ಏಕೆ ಎಂಬುದು ಇಡೀ ಕಥೆಯಲ್ಲಿ ನನಗೆ ಅತಿ ಇಷ್ಟದ ಭಾಗ. ಕಣ್ಣಿನ ಮೇಲೆ ಸದಾ ತೆಳುವಾದ ಕಣ್ಣೀರಿನ ಪರೆ ಇರುತ್ತದೆ. ಅದರ ಮೇಲ್ಭಾಗದಲ್ಲಿ ಎಣ್ಣೆಯಂಶ, ನಡುವೆ ನೀರು, ಕೆಳಗೆ ಕಣ್ಣಿನ ಮೈಗೆ ತಾಗಿದಂತೆ ಮ್ಯೂಸಿನ್ ಎಂಬ ಲೋಳೆ. ಮ್ಯೂಸಿನ್ ಇರುವುದರಿಂದಲೇ ನೀರು ಕಣ್ಣಿನ ಮೇಲೆ ಸಮನಾಗಿ ಹರಡಿ ನಿಲ್ಲುತ್ತದೆ. ವಯಸ್ಸಾದಾಗ, ಹೊತ್ತೆಲ್ಲ ಪರದೆ ನೋಡಿ ರೆಪ್ಪೆ ಬಡಿಯುವುದು ಕಡಿಮೆಯಾದಾಗ, ಕೆಲವು ಕಾಯಿಲೆಗಳಲ್ಲಿ, ಈ ಪರೆ ಬೇಗ ಒಡೆಯುತ್ತದೆ. ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತದೆ. ಬರೀ ನೀರಿನಂಥ ಡ್ರಾಪ್ಸ್ ಬಿಟ್ಟರೆ ಎರಡು ಸಲ ರೆಪ್ಪೆ ಬಡಿಯುವಷ್ಟರಲ್ಲಿ ಹರಿದು ಹೋಗುತ್ತದೆ.

ಮ್ಯೂಸಿನ್‌ನ ರಚನೆ ನೋಡಿದರೆ ನಡುವೆ ಒಂದು ದಂಟು, ಅದರ ಮೈತುಂಬ ಸಕ್ಕರೆಯ ಕವಲು. ಹುಣಸೆಯ ಕ್ಸೈಲೋಗ್ಲೂಕಾನ್‌ಗೂ ಅದೇ ಆಕಾರ. ದಂಟಿನ ಪದಾರ್ಥ ಬೇರೆ, ಮ್ಯೂಸಿನ್‌ನದ್ದು ಪ್ರೋಟೀನ್, ಹುಣಸೆಯದ್ದು ಗ್ಲೂಕೋಸ್. ಆದರೂ ಹೋಲಿಕೆ ಎಷ್ಟಿದೆಯೆಂದರೆ ಅದು ಕಣ್ಣಿನ ಮೈಗೆ ಹಿಡಿದುಕೊಂಡು, ತನ್ನೊಂದಿಗೆ ನೀರನ್ನೂ ಹಿಡಿದಿಟ್ಟು, ಹೆಚ್ಚು ಹೊತ್ತು ಉಳಿಯುತ್ತದೆ. ರೆಪ್ಪೆ ಬಡಿದಾಗ ತೆಳುವಾಗಿ ಜಾರುತ್ತದೆ, ಬಿಟ್ಟಾಗ ಮತ್ತೆ ಮಂದವಾಗುತ್ತದೆ. ಮನುಷ್ಯನ ಕಣ್ಣಿಗೂ ಈ ಮರಕ್ಕೂ ಸಂಬಂಧವೇ ಇಲ್ಲ. ಆದರೂ ಎರಡು ಕಡೆಯೂ ನೀರನ್ನು ಹಿಡಿದಿಡುವ ಉಪಾಯ ಒಂದೇ ಆಗಿರುವುದು ನನಗೆ ಪ್ರತಿ ಸಲವೂ ಅಚ್ಚರಿ ಹುಟ್ಟಿಸುತ್ತದೆ.

ಇನ್ನೊಂದು ಗುಣ ಇನ್ನೂ ಬಹುಮಟ್ಟಿಗೆ ಪ್ರಯೋಗಾಲಯದಲ್ಲೇ ಇದೆ. ಆ ಕವಲುಗಳ ತುದಿಯ ಗ್ಯಾಲಕ್ಟೋಸ್‌ನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಕಿಣ್ವದಿಂದ ಕತ್ತರಿಸಿ ತೆಗೆದರೆ ದ್ರಾವಣದ ಸ್ವಭಾವವೇ ಬದಲಾಗುತ್ತದೆ. ತಣ್ಣಗಿದ್ದಾಗ ನೀರಾಗಿರುತ್ತದೆ, ಮೈಯ ಬಿಸಿಗೆ ಬಂದಾಗ ಜೆಲ್ ಆಗುತ್ತದೆ. ಸಿರಿಂಜಿನಲ್ಲಿ ತಣ್ಣಗೆ ತುಂಬಿಕೊಂಡು ದೇಹಕ್ಕೆ ಚುಚ್ಚಿದರೆ ಒಳಗೆ ಹೋಗಿ ಗಟ್ಟಿಯಾಗುತ್ತದೆ, ತನ್ನಲ್ಲಿರುವ ಔಷಧಿಯನ್ನು ನಿಧಾನವಾಗಿ ಬಿಡುತ್ತದೆ. ಹಾಲು ಅರಗದವರಿಗಾಗಿ ಲ್ಯಾಕ್ಟೋಸ್ ಇಲ್ಲದ ಹಾಲು ತಯಾರಿಸುತ್ತಾರಲ್ಲ, ಅಲ್ಲಿ ಬಳಸುವುದೂ ಇದೇ ಜಾತಿಯ ಕಿಣ್ವ.

ಹುಣಸೆಯೊಂದನ್ನೇ ಹೇಳಿ ತಿಪಟೂರನ್ನು ಬಿಟ್ಟರೆ ತಪ್ಪಾಗುತ್ತದೆ. ತಿಪಟೂರು, ತುರುವೇಕೆರೆ ಕಡೆಯ ಉಂಡೆ ಕೊಬ್ಬರಿಯಲ್ಲಿ ನೀರು ಕಾಯಿಯೊಳಗೇ ಇಂಗುತ್ತದೆ, ಅಲ್ಲಿ ಪೋಲಾಗುವುದಿಲ್ಲ. ಆದರೆ ತೆಂಗಿನ ಪುಡಿ ಕಾರ್ಖಾನೆಗಳಲ್ಲಿ ಬಲಿತ ಕಾಯಿ ಒಡೆದಾಗ ಹರಿಯುವ ನೀರು ಎಳನೀರಿನಂತೆ ಮಾರಾಟವಾಗುವಂಥದ್ದಲ್ಲ. ಚರಂಡಿಗೆ ಬಿಟ್ಟರೆ ಹುಳಿತು ನಾರುತ್ತದೆ, ಕೆರೆ ಸೇರಿದರೆ ನೀರಿನ ಆಮ್ಲಜನಕ ತಿನ್ನುತ್ತದೆ. ಈ ನೀರಿಗೆ ಸ್ವಲ್ಪ ಸಕ್ಕರೆ, ಸ್ವಲ್ಪ ಅಸಿಟಿಕ್ ಆಮ್ಲ ಸೇರಿಸಿ, ಕೊಮಗಾಟೈಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಹೆಪ್ಪು ಹಾಕಿ, ಅಗಲವಾದ ಟ್ರೇಗಳಲ್ಲಿ ಅಲುಗಾಡಿಸದೆ ಇಟ್ಟರೆ ಒಂದೆರಡು ವಾರದಲ್ಲಿ ನೀರಿನ ಮೇಲ್ಮೈಯಲ್ಲಿ ದಪ್ಪನೆಯ ಬಿಳಿ ಹಾಳೆ ಕಟ್ಟುತ್ತದೆ. ಫಿಲಿಪೀನ್ಸ್‌ನವರು ಅದನ್ನು ನಾಟಾ ಡೆ ಕೊಕೊ ಎಂದು ಸಿಹಿ ಮಾಡಿ ತಿನ್ನುತ್ತಾರೆ. ತಿನ್ನುವುದನ್ನು ಬಿಟ್ಟು ನೋಡಿದರೆ ಆ ಹಾಳೆ ಅತಿ ಶುದ್ಧ ಸೆಲ್ಯುಲೋಸ್. ಮರದ ಸೆಲ್ಯುಲೋಸ್ ಜೊತೆಗೆ ಬರುವ, ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಇದರಲ್ಲಿ ಇಲ್ಲ. ಎಳೆಗಳು ನ್ಯಾನೋಮೀಟರ್ ಲೆಕ್ಕದಷ್ಟು ಸಣ್ಣ, ತೂಕದಲ್ಲಿ ಶೇ 99ರಷ್ಟು ನೀರನ್ನೇ ಹಿಡಿದಿರುತ್ತದೆ. ಸುಟ್ಟ ಗಾಯಕ್ಕೆ ಬೇಕಾದದ್ದೂ ಇದೇ. ಗಾಯ ಒಣಗಬಾರದು, ಹೊರಗಿನ ಕೊಳೆ ಒಳಗೆ ಹೋಗಬಾರದು, ಬ್ಯಾಂಡೇಜ್ ಬದಲಿಸುವಾಗ ಹೊಸ ಚರ್ಮ ಕಿತ್ತು ಬರಬಾರದು. ಬ್ಯಾಕ್ಟೀರಿಯಾದ ಸೆಲ್ಯುಲೋಸ್ ಡ್ರೆಸಿಂಗ್‌ಗಳನ್ನು ಬ್ರೆಜಿಲ್‌ನಲ್ಲಿ 1990ರ ಹೊತ್ತಿಗೇ ರೋಗಿಗಳಿಗೆ ಬಳಸಿದ್ದರು.

ಶ್ರೀನಿವಾಸಪುರದ ಮಾವಿನ ಸಿಪ್ಪೆಯಲ್ಲಿ ಪೆಕ್ಟಿನ್ ಎಂಬ ಅಂಟು ಪದಾರ್ಥ ಇದೆ. ಕರುಳಿನ ಶಸ್ತ್ರಚಿಕಿತ್ಸೆಯಾಗಿ ಮಲ ಸಂಗ್ರಹಕ್ಕೆ ಹೊಟ್ಟೆಯ ಮೇಲೆ ಚೀಲ ಹಾಕಿಸಿಕೊಂಡ ರೋಗಿಗಳ ಚರ್ಮ ಕಾಯುವ ಪಟ್ಟಿಗಳಲ್ಲಿ ಪೆಕ್ಟಿನ್ ಬಳಸುತ್ತಾರೆ. ಸದ್ಯ ಅದು ಬಹುಪಾಲು ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯಿಂದ ಮತ್ತು ಸೇಬಿನ ಹಿಂಡಿಯಿಂದ ಬರುತ್ತಿದೆ. ಮಾವಿನ ಸಿಪ್ಪೆ ಬೇಗ ಕೊಳೆಯುವುದರಿಂದ ರಸ ತೆಗೆಯುವ ಕಾರ್ಖಾನೆಯ ಪಕ್ಕದಲ್ಲೇ ಅದನ್ನು ಒಣಗಿಸುವ ವ್ಯವಸ್ಥೆ ಬೇಕು.

ಇನ್ನು ಕಷ್ಟದ ಭಾಗ. ಮನೆಯ ತಿಳಿಯನ್ನು ಕಣ್ಣಿಗೆ ಹಾಕಬೇಡಿ ಎಂದೆ. ಕುದಿಸಿದ್ದೇವಲ್ಲ, ರೋಗಾಣು ಸತ್ತಿರಬೇಕು ಎಂದು ಯಾರಾದರೂ ಕೇಳಬಹುದು. ಕುದಿಸಿದರೂ ಎಲ್ಲ ರೋಗಾಣುಗಳೂ ಸಾಯುವುದಿಲ್ಲ. ಸತ್ತರೂ ಕೆಲವು ಬ್ಯಾಕ್ಟೀರಿಯಾಗಳ ಹೊರಗೋಡೆಯ ಚೂರುಗಳು ಉಳಿಯುತ್ತವೆ. ಇವೇ ಎಂಡೋಟಾಕ್ಸಿನ್. ಕುದಿಸಿದರೆ ಹೋಗುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ, ರಕ್ತಕ್ಕೆ ಸೇರಿದರೆ ಜ್ವರ ಏರಿಸುತ್ತದೆ, ರಕ್ತದೊತ್ತಡ ಕುಸಿಯುವಂತೆಯೂ ಮಾಡಬಲ್ಲದು. ರಕ್ತಕ್ಕೆ ತಾಗುವ ವೈದ್ಯಕೀಯ ಸಾಧನಗಳಲ್ಲಿ ಇದು ಒಂದು ಸಾಧನಕ್ಕೆ 20 ಎಂಡೋಟಾಕ್ಸಿನ್ ಘಟಕ (ಅದನ್ನು ಅಳೆಯುವ ಮಾನ) ಮೀರಬಾರದು ಎಂಬುದು ಅಮೆರಿಕದ ಮಿತಿ. ಮಿದುಳು ಬಳ್ಳಿಯ ದ್ರವಕ್ಕೆ ತಾಗುವಂಥದ್ದಾದರೆ ಬರೀ 2.15. ತೆಂಗಿನ ನೀರಿನ ಹಾಳೆಯನ್ನು ಕಟ್ಟುವ ಬ್ಯಾಕ್ಟೀರಿಯಾ ಸ್ವತಃ ಎಂಡೋಟಾಕ್ಸಿನ್ ಇರುವ ಜಾತಿಗೇ ಸೇರಿದ್ದು. ಆದ್ದರಿಂದ ಹಾಳೆಯನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ತೊಳೆದು, ಮತ್ತೆ ಮತ್ತೆ ಶುದ್ಧ ನೀರಿನಲ್ಲಿ ಜಾಲಿಸಬೇಕು. ಹಾಳೆ ಕಟ್ಟುವುದಕ್ಕಿಂತ ಈ ತೊಳೆಯುವ ಕೆಲಸವೇ ದೊಡ್ಡದು.

ಹುಣಸೆಯ ಅಂಟಿಗೆ ಇನ್ನೊಂದು ಪೇಚು. ಗಾಮಾ ಕಿರಣ ಹಾಯಿಸಿ ರೋಗಾಣು ಕೊಲ್ಲೋಣವೆಂದರೆ ಸರಪಳಿಯೇ ತುಂಡಾಗಿ ಅಂಟಿನ ಗುಣ ಹೋಗುತ್ತದೆ. 0.22 ಮೈಕ್ರಾನ್ ಜರಡಿಯಲ್ಲಿ ಸೋಸೋಣವೆಂದರೆ ಮಂದ ದ್ರಾವಣ ಇಳಿಯುವುದೇ ಇಲ್ಲ. ಹಾಗಾಗಿ ಸರಪಳಿಯ ಉದ್ದ, ದ್ರಾವಣದ ಸಾಂದ್ರತೆ, ಸೋಸುವ ವಿಧಾನ ಮೂರನ್ನೂ ಒಟ್ಟಿಗೆ ಹೊಂದಿಸಬೇಕು. ಬೀಜದ ಪ್ರೋಟೀನ್ ಉಳಿದರೆ ಕೆಲವರಿಗೆ ಅಲರ್ಜಿಯಾಗಬಹುದು, ಅದನ್ನೂ ತೆಗೆಯಬೇಕು. ಇಷ್ಟಾದ ಮೇಲೆ ವೈದ್ಯಕೀಯ ಸಾಧನಗಳು ದೇಹಕ್ಕೆ ಒಗ್ಗುತ್ತವೆಯೇ ಎಂದು ನೋಡುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 10993 ಪ್ರಕಾರ ಜೀವಕೋಶ ಸಾಯುತ್ತದೆಯೇ, ಚರ್ಮ ಕೆರಳುತ್ತದೆಯೇ, ಅಲರ್ಜಿ ಹುಟ್ಟುತ್ತದೆಯೇ ಎಂಬ ಪರೀಕ್ಷೆಗಳು. ನಮ್ಮ ದೇಶದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳು ಸಾಧನಗಳನ್ನು ಅಪಾಯದ ಮಟ್ಟ ನೋಡಿ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿವೆ. ವರ್ಗ ಏರಿದಷ್ಟೂ ಪುರಾವೆ ಹೆಚ್ಚು ಬೇಕು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಂಥ ಕಡೆ ಈ ಪರೀಕ್ಷೆಗಳಿಗೆ ವ್ಯವಸ್ಥೆಯಿದೆ. ಈ ಕಟ್ಟುನಿಟ್ಟನ್ನು ಅಡ್ಡಿ ಎಂದು ಬಯ್ಯುವವರಿದ್ದಾರೆ. ನಾನು ಹಾಗೆ ಬಯ್ಯಲಾರೆ, ಕೊನೆಗೆ ಅದು ಒಬ್ಬರ ಕಣ್ಣಿಗೆ ಬೀಳುವ ಹನಿ.

ಲೆಕ್ಕದ ಮಾತನ್ನೂ ನೇರವಾಗಿ ಹೇಳಬೇಕು. ಶೇ 0.5 ಅಂಟಿರುವ 10 ಮಿಲಿ ಸೀಸೆಯಲ್ಲಿ ಕ್ಸೈಲೋಗ್ಲೂಕಾನ್ ಇರುವುದು 50 ಮಿಲಿಗ್ರಾಂ. ಅಂದರೆ ಒಂದು ಕಿಲೋ ಶುದ್ಧ ಪದಾರ್ಥಕ್ಕೆ 20,000 ಸೀಸೆ. ಒಂದು ಕಿಲೋಗೆ ಐದು ಕಿಲೋ ಬೀಜ ಬೇಕು ಎಂದು ಧಾರಾಳವಾಗಿ ಇಟ್ಟುಕೊಂಡರೂ ಒಂದು ಟನ್ ಬೀಜದಿಂದ 40 ಲಕ್ಷ ಸೀಸೆ ತುಂಬುತ್ತವೆ. ಜಿಲ್ಲೆಯ ಬೀಜವನ್ನೆಲ್ಲ ಕಣ್ಣಿನ ಡ್ರಾಪ್ಸ್ ಮಾಡುತ್ತೇವೆಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ, ಅಷ್ಟು ಕಣ್ಣುಗಳೇ ಇಲ್ಲ. ಬಹುಪಾಲು ಬೀಜ ಬಟ್ಟೆ, ಕಾಗದ, ಆಹಾರದ ಉದ್ಯಮಗಳಿಗೇ ಹೋಗಬೇಕು. ಲಾಭ ಇರುವುದು ಬೇರೆ ಕಡೆ. ಔಷಧಿ ದರ್ಜೆಗೆ ಒಪ್ಪುವ ಮಾಲು ಒದಗಿಸಬಲ್ಲ ಊರಿಗೆ ಆಹಾರ ದರ್ಜೆಯ ಮಾಲು ಒದಗಿಸುವುದು ಕಷ್ಟವಲ್ಲ, ಮತ್ತು ಆ ದರ್ಜೆಗೆ ಗಿರಣಿಯ ಗಂಜಿಗಿಂತ ಒಳ್ಳೆಯ ಬೆಲೆ ಇದೆ.

ಆ ದರ್ಜೆ ನಿರ್ಧಾರವಾಗುವುದು ಬೆಂಗಳೂರಿನ ಲ್ಯಾಬಿನಲ್ಲಲ್ಲ, ಹಣ್ಣು ಜಜ್ಜುವ ಜಾಗದಲ್ಲೇ. ಬೀಜಕ್ಕೆ ಹಣ್ಣಿನ ಜಿಗುಟು ಅಂಟಿಕೊಂಡೇ ಉಳಿದರೆ ಧೂಳು ಮೆತ್ತುತ್ತದೆ, ತೇವ ಎಳೆಯುತ್ತದೆ, ಬೂಷ್ಟು ಬರುತ್ತದೆ. ಬೂಷ್ಟಿನ ವಿಷ ಆಮೇಲೆ ಎಷ್ಟು ತೊಳೆದರೂ ಪೂರ್ತಿ ಹೋಗುತ್ತದೆಂಬ ಖಾತ್ರಿ ಇಲ್ಲ. ಹುಳ ಕೊರೆದ ಬೀಜ ನಾಲ್ಕು ಸೇರಿದರೆ ಇಡೀ ಚೀಲಕ್ಕೆ ಹರಡುತ್ತದೆ. ಸಿಪ್ಪೆ ಬೇಗ ಬಿಡಲಿ ಎಂದು ಜೋರು ಬೆಂಕಿಯಲ್ಲಿ ಹುರಿದರೆ ಬೇಳೆ ಕಂದಾಗಿ ಅಂಟಿನ ಶಕ್ತಿ ಕುಂದುತ್ತದೆ. ಜಜ್ಜಿದ ದಿನವೇ ಬೀಜ ತೊಳೆದು, ಟಾರ್ಪಾಲಿನ ಮೇಲೆ ಗರಿಗರಿಯಾಗಿ ಒಣಗಿಸಿ, ಹುಳ ಬಿದ್ದದ್ದನ್ನು ಆರಿಸಿ ತೆಗೆದು, ಯಾವ ಊರಿನ ಯಾವ ತಿಂಗಳ ಮಾಲು ಎಂದು ಚೀಲದ ಮೇಲೆ ಬರೆದಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಆದರೆ ಕೈ ಬೇಕು, ಹೊತ್ತು ಬೇಕು. ಆ ಕೈ ಈಗಾಗಲೇ ದಿನವಿಡೀ ಹಣ್ಣು ಜಜ್ಜಿ, ಬೆರಳಿನ ಸಂದು ಹುಳಿಗೆ ಬಿರಿದು, ಕಿಲೋ ಲೆಕ್ಕದ ಕೂಲಿ ಪಡೆಯುವ ಹೆಂಗಸರದ್ದು. ಬೀಜ ತೊಳೆದು ಒಣಗಿಸುವ ಕೆಲಸಕ್ಕೆ ಬೇರೆ ಕೂಲಿ ಸಿಗದಿದ್ದರೆ ಅವರು ಅದನ್ನು ಏಕೆ ಮಾಡಬೇಕು?

ಹಾಗಾಗಿ ನಮ್ಮ ಕಡೆಯ ಸ್ತ್ರೀಶಕ್ತಿ ಸಂಘಗಳೋ ರೈತ ಉತ್ಪಾದಕ ಕಂಪನಿಗಳೋ ಇದರಲ್ಲಿ ಕೈಹಾಕುವುದಾದರೆ ಮೊದಲ ವರ್ಷವೇ ಶುದ್ಧೀಕರಣ ಘಟಕದ ಕನಸು ಬೇಡ ಎಂಬುದು ನನ್ನ ಅಭಿಪ್ರಾಯ. ಬೀಜವನ್ನು ಎರಡು ದರ್ಜೆ ಮಾಡಿ, ತೊಳೆದ ಬೀಜಕ್ಕೆ ಬೇರೆ ಬೆಲೆ, ಅದನ್ನು ತೊಳೆದವರಿಗೆ ಬೇರೆ ಕೂಲಿ ಎಂದು ಗೊತ್ತುಮಾಡಿಕೊಂಡು, ಒಂದೊಂದು ಚೀಲದಿಂದ ಒಂದು ಹಿಡಿ ತೆಗೆದು ತೇವಾಂಶ, ಬೂಷ್ಟಿನ ವಿಷ, ಅಂಟಿನ ಗುಣ ಪರೀಕ್ಷೆ ಮಾಡಿಸಿ ದಾಖಲೆ ಇಡಬೇಕು. ಕೊಳ್ಳುವ ಕಂಪನಿ ಮಾಲಿನ ಜೊತೆ ಮೊದಲು ಕೇಳುವುದು ಆ ದಾಖಲೆಯನ್ನೇ. ಒಂದೇ ಸುಗ್ಗಿಯದ್ದು ತೋರಿಸಿದರೆ ಒಪ್ಪುವುದಿಲ್ಲ, ಎರಡು ಮೂರು ಸುಗ್ಗಿಯದ್ದು ಸಾಲಾಗಿ ಬೇಕು. ಬರುವ ಮಾಘ, ಫಾಲ್ಗುಣದಲ್ಲಿ ಶುರು ಮಾಡಿದರೂ ಅದಕ್ಕೆ ಅಷ್ಟು ವರ್ಷ ಹಿಡಿಯುತ್ತದೆ.